ಹಗ್ಗದ ಇನ್ನೊಂದು ತುದಿ

ನನ್ನ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲ ಅಂತ ಇಟ್ಟುಕೊಳ್ಳಿ. ಈ ಎರೆಸೀಮೆಯಲ್ಲೇ ಒಂದು ಊರು, ಆ ಊರಲ್ಲಿ ದ್ಯಾಮಣ್ಣ ಅಂತ ಒಬ್ಬ. ಆಗೆಲ್ಲ ಜೋಳ ತುಂಬಿಡುತ್ತಿದ್ದದ್ದು ನೆಲದೊಳಗಿನ ಹಗೇವಿನಲ್ಲಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೊಂದು ಚಪ್ಪಡಿ. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತೆ, ಸುಮ್ಮನೆ ಇಳಿದವನು ಮೇಲೆ ಬರೋದಿಲ್ಲ. ಅದಕ್ಕೇ ಹಗೇವು ತೆಗೆಯೋದು ದ್ಯಾಮಣ್ಣನ ಕೆಲಸ. ಮೊದಲು ಹಣತೆ ಇಳಿಸುತ್ತಿದ್ದ. ಉರಿದರೆ ತಾನು ಇಳಿಯುತ್ತಿದ್ದ, ಆರಿದರೆ ಬಾಯಿ ತೆರೆದಿಟ್ಟು ಎಲೆಅಡಿಕೆ ಹಾಕುತ್ತ ಕೂರುತ್ತಿದ್ದ. ಗೌಡರೇ ಅವಸರ ಮಾಡಿದರೂ ಏಳುತ್ತಿರಲಿಲ್ಲವಂತೆ, ಅಂಥ ಮೊಂಡ.

ಒಂದು ಮಧ್ಯಾಹ್ನ ಊರೆಲ್ಲ ಹೊಲದಲ್ಲಿತ್ತು. ದ್ಯಾಮಣ್ಣ ಗೌಡರ ಹಗೇವಿನ ಕಡೆ ಬಂದರೆ ಚಪ್ಪಡಿ ಸರಿದಿದೆ, ಯಾರೋ ಓಡಿಹೋದ ಸದ್ದು. ಬಗ್ಗಿ ನೋಡಿದ. ಜೋಳದ ಮೇಲೆ ಒಂದು ಕೂಸು ಬಿದ್ದಿದೆ, ಅದರ ಸೊಂಟಕ್ಕೆ ಕಟ್ಟಿದ ಹಗ್ಗವೂ ಅಲ್ಲೇ ಬಿದ್ದಿದೆ. ಹಣತೆ ತರಲು ಹೊತ್ತೆಲ್ಲಿ? ಜನ್ಮದಲ್ಲಿ ದೀಪ ಬಿಟ್ಟು ಇಳಿಯದವನು ಅವತ್ತು ಇಳಿದ. ಉಸಿರು ಬಿಗಿಹಿಡಿದು ಇಳಿದು ಹತ್ತಿದ ಅಂತಾರೆ. ಭೂಮಿತಾಯಿಯೇ ಗಾಳಿ ಸರಿಸಿ ದಾರಿ ಕೊಟ್ಟಳು ಅಂತಲೂ ಅಂತಾರೆ. ಅದು ಹೇಗೋ ನಾ ಕಾಣೆ, ಕೂಸು ಬದುಕಿತು.

ಅದರ ಹೆಸರು ಹುಲಿಗೆವ್ವ, ವಯಸ್ಸು ಏಳೆಂಟು, ಮೈ ನೋಡಿದರೆ ಬೆಕ್ಕಿನ ಮರಿಯಷ್ಟು. ತಾಯಿತಂದೆ ಇಲ್ಲ, ಸೋದರಮಾವ ಬರಮಪ್ಪನ ಮನೆಯಲ್ಲಿ ಬೆಳೆಯುತ್ತಿದ್ದಳು.

ಹಗೇವಿಗೆ ಕೈ ಹಾಕಿದವರನ್ನು ಊರು ಬಿಡಿಸುವುದು ಅಲ್ಲಿಯ ಕಟ್ಟಳೆ. ಕೂಸಾದರೇನು, ಕಳ್ಳತನ ಕಳ್ಳತನವೇ ಅಂದರಂತೆ ಕಟ್ಟೆಯ ಹಿರಿಯರು. ಇಳಿಸಿದವರು ಯಾರು ಅಂದರೆ ಹುಲಿಗೆವ್ವ ಬಾಯಿ ಬಿಡಲಿಲ್ಲ. ಹೇಳಿದರೆ ಇರುವ ಒಂದು ಮನೆಯೂ ತಪ್ಪುತ್ತಿತ್ತಲ್ಲ, ಪಾಪ.

ಆಗ ದ್ಯಾಮಣ್ಣ ಹಗ್ಗ ತಂದು ಕಟ್ಟೆಯ ಮೇಲೆ ಹಾಕಿದ.

"ಆ ಚಪ್ಪಡಿ ಈ ಕೂಸು ಎತ್ತೀತೇನ್ರಿ? ಹಗ್ಗದ ಈ ತುದಿ ಇದರ ನಡಕ್ಕಿತ್ತು. ಆ ತುದಿ ಯಾರ ಕೈಯಾಗಿತ್ತು? ಅವ ಬರೋತನಕ ನಾ ಒಂದು ಹಗೇವೂ ತೆಗಿಯಂಗಿಲ್ಲ."

ತೆಗೆಯಲಿಲ್ಲ ನೋಡಿ. ಬೇರೆಯವರಿಗೆ ಇಳಿಯುವ ಧೈರ್ಯವಿಲ್ಲ. ಕಾಲ ಕೆಳಗೆ ರಾಶಿ ಜೋಳ, ಮನೆಯಲ್ಲಿ ರೊಟ್ಟಿಯಿಲ್ಲ. ಊರು ಬೈಯಿತು, ಹೆಂಡತಿಯೂ ಬೈದಳು. ದ್ಯಾಮಣ್ಣ ಎಲೆಅಡಿಕೆ ಹಾಕುತ್ತ ಕೂತ.

ಕೊನೆಗೆ ಬರಮಪ್ಪನ ಮುದಿತಾಯಿ ಖಾಲಿ ಮೊರ ಹಿಡಿದು ಕಟ್ಟೆಗೆ ಬಂದಳು. ಇವಳೂ ಬೈಯಲು ಬಂದಳು ಅಂದುಕೊಂಡರಂತೆ ಜನ.

"ಹಗ್ಗ ನಮ್ಮ ಮನೀದು," ಅಂದಳು. "ಹಿಡದಾಂವ ನನ್ನ ಮಗ. ತಾ ಇಳಿಯಾಕ ಹೆದರಿ, ಸತ್ತ ಮಗಳ ಕೂಸನ್ನ ಇಳಿಸ್ಯಾನ."

ಅಷ್ಟು ಹೇಳಿ ಅಲ್ಲೇ ಕುಸಿದು ಅತ್ತಳಂತೆ.

ಅವತ್ತಿನಿಂದ ಕಟ್ಟಳೆ ಬದಲಾಯಿತು. ಕದ್ದವನು ಮುಂದಿನ ಸುಗ್ಗಿಯವರೆಗೆ ಊರ ಹೊರಗೆ. ಕೂಸನ್ನು ಮುಂದೆ ಬಿಟ್ಟು ಕದ್ದವನಿಗೆ ಅದರ ಎರಡರಷ್ಟು. ಕೂಸಿಗೆ ದಂಡವಿಲ್ಲ. ಹುಲಿಗೆವ್ವ ಅಜ್ಜಿಯ ಜೊತೆಯಲ್ಲೇ ಉಳಿದಳು. ಶಿಕ್ಷೆ ಮುಗಿಸಿ ಬಂದ ಬರಮಪ್ಪನಿಗೆ ಮೊದಲ ರೊಟ್ಟಿ ಬಡಿದು ಹಾಕಿದವಳು ಅವಳೇ ಅಂತಾರೆ. ಇದ್ದರೂ ಇರಬಹುದು, ಜನ ಸೇರಿಸಿದ್ದರೂ ಇರಬಹುದು.

ಈಗ ಹಗೇವುಗಳೆಲ್ಲ ಮುಚ್ಚಿಹೋಗಿವೆ. ಆದರೆ ಆ ಊರಲ್ಲಿ ಇವತ್ತಿಗೂ, ಪಂಪ್‌ಸೆಟ್ಟಿನ ವೈರು ಕದ್ದು ಸಿಕ್ಕಿಬಿದ್ದ ಮಗುವನ್ನು ಕಟ್ಟೆಗೆ ಕರೆತಂದರೆ, ಮೊದಲು ಕುಡಿಯಲು ನೀರು ಕೊಡುತ್ತಾರೆ. ಆಮೇಲೆ ಒಂದು ಹಗ್ಗ ತಂದು ನೆಲದ ಮೇಲೆ ಉದ್ದಕ್ಕೆ ಹಾಸುತ್ತಾರೆ. ಒಂದು ತುದಿ ಮಗುವಿನ ಕಡೆ, ಇನ್ನೊಂದು ನಿಂತ ದೊಡ್ಡವರ ಕಡೆ. ಆ ತುದಿ ಯಾರದೆಂದು ತಿಳಿಯುವವರೆಗೆ ಮಗುವನ್ನು ಯಾರೂ ಗದರಿಸುವುದಿಲ್ಲ.