ಯಂತ್ರ ಕೂಗಿದರೆ ಓ ಅಂದವನು

ತಪ್ಪು ಲ್ಯಾಬಿನವರದು. ಹೊಸ ಔಷಧಿ ಹುಡುಕುವ ಆ ಕೋಣೆಯಲ್ಲಿ ಮೊದಲು ಹೆಣ್ಣುಮಕ್ಕಳು ಸಾಲಾಗಿ ಕೂತು ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡುತ್ತಿದ್ದರು. ಆಮೇಲೆ ಒಂದು ಯಂತ್ರ ಬಂತು. ಅದೇ ತಟ್ಟೆ ಎತ್ತಿಕೊಳ್ಳುತ್ತದೆ, ಅದೇ ಫೋಟೊ ತೆಗೆಯುತ್ತದೆ, ಯಾವ ಮದ್ದಿಗೆ ಯಾವ ಕೋಶ ಸತ್ತಿತು ಅಂತ ಅದೇ ಹೇಳುತ್ತದೆ. ಹೆಣ್ಣುಮಕ್ಕಳನ್ನೆಲ್ಲ ಮನೆಗೆ ಕಳಿಸಿದರು. ಯಂತ್ರದ ಪಕ್ಕ ಒಬ್ಬನನ್ನೇ ಕೂರಿಸಿದರು. ಅವನೇ ಬೋರಲಿಂಗ, ಊರೆಲ್ಲ ಪೆದ್ದ ಅನ್ನುವ ಬೋರಲಿಂಗ.

ತಾಯಿ ಪುಟ್ಟಮಾದಮ್ಮ ಅವತ್ತೇ ಹೇಳಿದ್ದಳು. "ಹೇಳಿದ್ದನ್ನ ಹೇಳಿದಂಗೇ ಮಾಡೋ ಮಗ ಇವನು. ಒಬ್ಬನನ್ನೇ ಬಿಡಬೇಡಿ ತಾಯಿ."

"ಕೆಲಸವೇ ಇಲ್ಲಮ್ಮ, ಎಲ್ಲ ಯಂತ್ರ ಮಾಡುತ್ತೆ. ತಟ್ಟೆ ತಂದಿಟ್ಟರೆ ಸಾಕು" ಅಂದರು ಲ್ಯಾಬಿನ ಭಾರ್ಗವಿ ಮೇಡಂ.

ಬೋರಲಿಂಗ ತಟ್ಟೆ ತಂದ. ಬಣ್ಣ ಹಾಕಿದ ಜೀವಕೋಶದ ತಟ್ಟೆಯನ್ನು ಅಂಗಳದ ಬಿಸಿಲಲ್ಲಿ ಹೊತ್ತು ತಂದ. ಬಣ್ಣವೆಲ್ಲ ಮಾಸಿತು.

"ತಲೆ ಇದೆಯೇನಯ್ಯಾ? ಅದರಲ್ಲಿ ಜೀವ ಇದೆ. ಜೀವ ಇರೋದನ್ನ ಬೆಳಕಿಗೆ ಬಿಡಬಾರದು, ಫಾಯಿಲ್ ಸುತ್ತಬೇಕು."

"ಆಯ್ತು ಮೇಡಂ."

ಮನೆಗೆ ಬಂದ. ಕಾವಿಗೆ ಕೂತ ಕೋಳಿಯ ಮೇಲೆ ಬಿಸಿಲು ಬಿದ್ದಿತ್ತು. ಜೀವ ಇರೋದು ತಾನೆ? ಲ್ಯಾಬಿನಿಂದ ತಂದಿದ್ದ ಫಾಯಿಲನ್ನು ಕೊಕ್ಕಿನಿಂದ ಬಾಲದ ತನಕ ಸುತ್ತಿದ.

"ಉಸಿರು ಕಟ್ಟಿ ಸಾಯಲ್ವೇನೋ ಅದು, ಪಾಪಿ! ಜೀವ ಇರೋದಕ್ಕೆ ಗಾಳಿ ಬೇಕು ಕಣೋ, ಮುಚ್ಚಿದ್ದನ್ನ ತೆಗೆದಿಡು."

"ಆಯ್ತವ್ವ."

ಮಾರನೆಯ ದಿನ ಲ್ಯಾಬಿನ ತಟ್ಟೆಗಳ ಮುಚ್ಚಳವನ್ನೆಲ್ಲ ತೆಗೆದಿಟ್ಟ. ಜೀವಕೋಶಕ್ಕೆ ಬೂಷ್ಟು ಹಿಡಿಯಿತು.

"ನೀನು ಹತ್ತಿರ ನಿಂತು ಮಾತಾಡಿದರೂ ಕೆಡುತ್ತೆ ಕಣಯ್ಯಾ. ಮಾಸ್ಕ್ ಹಾಕು, ದೂರ ಕೂರು. ಮುಟ್ಟಬೇಡ, ಮಾತಾಡಬೇಡ, ಸುಮ್ಮನೆ ನೋಡು."

"ಆಯ್ತು ಮೇಡಂ."

ಸಂಜೆ ಮನೆಗೆ ಬಂದರೆ ಅವ್ವನಿಗೆ ಜ್ವರ. ಬೋರಲಿಂಗ ಮಾಸ್ಕ್ ಹಾಕಿದ. ದೂರ ಕೂತ. ಮುಟ್ಟಲಿಲ್ಲ, ಮಾತಾಡಲಿಲ್ಲ, ಸುಮ್ಮನೆ ನೋಡಿದ.

"ಬೋರಾ, ನೀರು ಕೊಡೋ."

ನೋಡಿದ.

"ಮಗಾ, ಇದ್ದೀಯೇನೋ?"

ನೋಡಿದ. ಪುಟ್ಟಮಾದಮ್ಮ ಗೋಡೆ ಹಿಡಿದು ತಾನೇ ಎದ್ದು ನೀರು ಕುಡಿದಳು. ಬೈಯಲು ಶಕ್ತಿ ಇರಲಿಲ್ಲ. ಮೆಲ್ಲಗೆ ಹೇಳಿದಳು, "ಕರೆದರೆ ಓ ಅನ್ನಬೇಕು ಕಣಪ್ಪ. ಕರೀತಾ ಇರೋರನ್ನ ಬಿಟ್ಟು ಹೋಗಬಾರದು."

"ಆಯ್ತವ್ವ" ಅಂದ. ಈ ಮಾತನ್ನು ಮಾತ್ರ ತಪ್ಪಬಾರದು ಅಂದುಕೊಂಡ.

ಮಾರನೆಯ ದಿನ ಯಂತ್ರ ಒಂದು ತಟ್ಟೆ ಮುಗಿಸಿ ಕುಂಯ್ ಅಂತು.

"ಓ" ಅಂದ ಬೋರಲಿಂಗ.

ಇನ್ನೊಂದು ತಟ್ಟೆ ಮುಗಿಯಿತು. ಕುಂಯ್. "ಓ." ಸಂಜೆಯಾಯಿತು, ಊಟದ ಡಬ್ಬಿ ಹಿಡಿದು ಎದ್ದ. ಕುಂಯ್. "ಓ" ಅಂದು ಮತ್ತೆ ಕೂತ. ಯಂತ್ರದ ಕೈ ಹೊಸ ತಟ್ಟೆ ಎತ್ತಿಕೊಳ್ಳುತ್ತಲೇ ಇತ್ತು. ಆ ಹೆಣ್ಣುಮಕ್ಕಳು ಇದ್ದಿದ್ದರೆ ಒಬ್ಬಳಾದರೂ "ಹೋಗಣ್ಣ ಮನೆಗೆ, ಅದು ಸುಮ್ಮನೆ ಕೂಗುತ್ತೆ" ಅನ್ನುತ್ತಿದ್ದಳು. ಯಾರೂ ಇಲ್ಲ. ಮೇಡಂ ಈಗ ಮನೆಯಲ್ಲೇ ಕೂತು ಫೋಟೊ ನೋಡುತ್ತಾರೆ. ಜೀವಕೋಶ ಒಂದೂ ಬಿಡದಂತೆ ಕಾಣುತ್ತದೆ ಅವರಿಗೆ. ಬೋರಲಿಂಗ ಫೋಟೊದಲ್ಲಿ ಇಲ್ಲ.

ರಾತ್ರಿಯಾದರೂ ಮಗ ಬರಲಿಲ್ಲ ಅಂತ ಪುಟ್ಟಮಾದಮ್ಮ ಜ್ವರದಲ್ಲೇ ಬಂದು ಲ್ಯಾಬಿನ ಗೇಟು ಹಿಡಿದು ನಿಂತಳು. "ಬೋರಾ, ಬಾರೋ."

"ಒಳಗೆ ಕೇಳಲ್ಲ ಅಮ್ಮ, ದಪ್ಪ ಗಾಜು. ಆ ಕೋಣೆಗೆ ಹೋಗೋ ಕಾರ್ಡು ನನ್ನ ಹತ್ತಿರಾನೂ ಇಲ್ಲ" ಅಂದ ಕಾವಲಿನವನು.

ಒಳಗೆ ಕುಂಯ್ ಅಂತು. "ಓ" ಅಂದ ಬೋರಲಿಂಗ. ಅವ್ವ ಹೇಳಿದಂಗೇ ಮಾಡ್ತಿದೀನಿ, ಈ ಸಲ ಬೈಯಲ್ಲ ಅಂದುಕೊಂಡ.

ನೀವು ನಕ್ಕಿದ್ದು ಸಾಕು. ಏಳಿ. ಆ ಗೇಟಿಗೆ ಹೋಗಿ, ಅವಳ ಪಕ್ಕ ನಿಂತು ಬಾಗಿಲು ತೆಗೆಸಿ. ಯಂತ್ರದ ಬಾಯಿ ಮುಚ್ಚಿಸಿ. ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿ, ಕರೆಯುತ್ತಿರುವುದು ಅವ್ವ ಅಂತ.