ಸತ್ತ ನೀರಿನ ದಾರಿ

"ಕಂಚರಸ ದೊರೆಯ ಅಪ್ಪಣೆ! ರಾಜಕುಮಾರಿ ಲಚ್ಚಲೆಯ ಕತ್ತಲ ಕೋಣೆಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ಆಕೆ ಮೆಚ್ಚಿದರೆ ಮದುವೆ. ತಪ್ಪಿದವರಿಗೆ ಹೊತ್ತು ಮುಳುಗುತ್ತಲೇ ಆನೆಯ ಕಾಲು!"

ಡಂಗುರ ಹೊಳೆ ದಂಡೆಗೂ ಬಂತು. ಅಂಬಿಗರ ಸಿಂಗ ಅರ್ಧ ರಾಜ್ಯದ ಮಾತಷ್ಟನ್ನೇ ಕಿವಿಗೆ ಹಾಕಿಕೊಂಡ. ಆನೆಯ ಮಾತು ಬರುವಷ್ಟರಲ್ಲಿ ಅರಮನೆಯ ಹಾದಿ ಹಿಡಿದಿದ್ದ. ಮಧ್ಯಾಹ್ನಕ್ಕೆ ಸುದ್ದಿ ಬಂತು: 'ಬೆಳಕನ್ನು ದೆವ್ವ ನೆಕ್ಕಿದೆ' ಎಂದು ಹೇಳಿ ಮಹರಾಯ ಸೆರೆ ಸೇರಿದ್ದಾನೆ.

ಸಿಂಗನ ತಮ್ಮ ದುರುಗ ಹರಿಗೋಲನ್ನು ದಂಡೆಗೆ ತಂದ. ತಾಯಿ ಸತ್ತ ಮೇಲೆ ಅನ್ನ ಹಾಕಿ ಬೆಳೆಸಿದವನು ಆ ಅಣ್ಣನೇ. ಕೂತವನು ಎದ್ದ, ಎದ್ದವನು ಕೂತ. ಕೊನೆಗೆ ಓಡಿದ. ಕೈಯಲ್ಲಿ ಹರಿಗೋಲಿನ ಹುಟ್ಟು ಇರುವುದು ಅರಮನೆಯ ಬಾಗಿಲಲ್ಲಿ ಕಾವಲಿನವನು ತಡೆದಾಗಲೇ ಅವನಿಗೆ ಗೊತ್ತಾಗಿದ್ದು.

ಒಗಟು ಬಿಡಿಸಲು ಬಂದೆನೆಂದು ಹೇಳಿ, ಹುಟ್ಟು ಹಿಡಿದೇ ಒಳಗೆ ಹೋದ. ಕತ್ತಲ ಕೋಣೆ ಗವ್ವೆನ್ನುತ್ತಿತ್ತು. ಬಾಗಿಲಲ್ಲಿ ಸೂಜಿ ತೂರುವಷ್ಟು ತೂತು, ಅದಕ್ಕೊಂದು ಕೆಂಪು ಗಾಜು. ಅದರಿಂದ ಬಂದ ಬಿಸಿಲು ಒಂದು ತಾಮ್ರದ ತಗಡಿನ ಮೇಲೆ ಬೀಳುತ್ತಿತ್ತು. ತಗಡಿನಲ್ಲಿ ಕೂದಲೆಳೆಯಂಥ ಎರಡು ಸೀಳುಗಳು, ಒಂದರ ಪಕ್ಕ ಒಂದು. ಅವುಗಳನ್ನು ದಾಟಿದ ಬೆಳಕು ಆಚೆಯ ಸುಣ್ಣದ ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು: ಒಂದು ಕೆಂಪು, ಒಂದು ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು.

ರಾಜಕುಮಾರಿ ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ನಿದ್ದೆಗೆಟ್ಟ ಕಣ್ಣು. ಸರದಿಯಲ್ಲಿ ದುರುಗನಿಗಿಂತ ಮುಂದಿದ್ದ ನೆರೆರಾಜ್ಯದ ಯುವರಾಜ "ಗೋಡೆಗೆ ಕಲೆ ಹಿಡಿದಿದೆ" ಎಂದ. ಭಟರು ಅವನನ್ನು ಎಳೆದೊಯ್ದರು. ಸೆಟ್ಟಿಯ ಮಗ "ತಗಡು ಬಿರುಕು ಬಿಟ್ಟಿದೆ" ಎಂದ. ಅವನೂ ಹೋದ.

"ಮುಂದಿನವನು ಯಾರು?" ಎಂದಳು ಲಚ್ಚಲೆ. "ಆನೆಯ ಶಿಕ್ಷೆ ಅಪ್ಪನದು, ನನ್ನದಲ್ಲ. ನನಗೆ ಉತ್ತರ ಬೇಕು, ಅಷ್ಟೇ. ನೋಡು, ಒಂದು ಸೀಳು ಮುಚ್ಚಿದರೆ ಈ ಜಾಗಕ್ಕೆ ಬೆಳಕು ಬರುತ್ತದೆ. ಎರಡನ್ನೂ ತೆರೆದರೆ ಇದೇ ಜಾಗ ಕಪ್ಪಾಗುತ್ತದೆ. ಒಬ್ಬ ಬಂದರೆ ಬೆಳಗುವ ಮನೆ ಇಬ್ಬರು ಬಂದರೆ ಕತ್ತಲಾಗುವುದು ಹೇಗೆ?"

ದುರುಗ ಹುಟ್ಟನ್ನು ಕಂಕುಳಲ್ಲಿ ಅವುಚಿಕೊಂಡ. ಅಂಗೈ ಬೊಗಸೆ ಮಾಡಿ, ಹಾಲಿನ ಗಡಿಗೆ ತುಳುಕದಂತೆ ಇಳಿಸುವವನ ಹಾಗೆ, ಕಪ್ಪು ಪಟ್ಟೆಯ ಕೆಳಗೆ ಹಿಡಿದ. ಭಟರು ಗೊಳ್ಳೆಂದು ನಕ್ಕರು. ಅವನು ನಾಚಿ ಕೈ ಹಿಂದಕ್ಕೆಳೆದುಕೊಂಡ.

"ಏನು ಮಾಡಿದೆ?"

"ತಪ್ಪಾತು ದೊರೆಸಾನಿ. ಸತ್ತ ನೀರು ಅಂದ್ಕಂಡೆ."

"ಹಾಗೆಂದರೆ?"

"ಬಾಣಂತಿ ಕೂಸು ಹೊಳೆ ದಾಟಬೇಕಂದ್ರ ನಾನೂ ನಮ್ಮಣ್ಣನೂ ಎರಡು ಹರಿಗೋಲಿನಾಗ ಮುಂದ ಹೋಗಿ ಒಂದೇ ತಾಳಕ್ಕ ನೀರು ಬಡಿತೀವಿ. ನಮ್ಮ ಅಲೆಗಳು ಕೂಡಿದಲ್ಲಿ ಒಂದೊಂದು ಸಾಲು ಅಲ್ಲಾಡದಂಗ ನಿಂತುಬಿಡತೈತಿ. ಅದು ಸತ್ತ ನೀರು. ಕೂಸಿನ ಹರಿಗೋಲು ಆ ಸಾಲಿನಾಗ ಬರತೈತಿ." ಹೇಳುತ್ತ ಹೇಳುತ್ತ ಅವನ ಕಣ್ಣು ಅರಳಿತು. "ಬೆಳಕೂ ಅಲೆನೇ ಇರಬೇಕು! ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ರ ಎರಡೂ ಅಡಗತಾವು. ಅಲ್ಲೇ ಕತ್ತಲು."

ಲಚ್ಚಲೆಯ ಓಡಾಟ ನಿಂತಿತು. "ಸೀಳು ಎರಡೇ. ಪಟ್ಟೆ ಇಷ್ಟೊಂದು ಯಾಕೆ?"

"ನಡುವಿನ ಪಟ್ಟೆಗೆ ಎರಡು ಸೀಳಿಂದಲೂ ದಾರಿ ಸಮ. ಉಬ್ಬಿಗೆ ಉಬ್ಬು ಕೂಡತೈತಿ, ಬೆಳಕು. ಪಕ್ಕಕ್ಕ ಸರಿದ್ರ ಒಂದು ದಾರಿ ಅರ್ಧ ಅಲೆ ಉದ್ದ ಆಗತೈತಿ, ಕತ್ತಲು. ಇನ್ನರ್ಧ ಅಲೆ ಉದ್ದ ಆದ್ರ ಮತ್ತ ಉಬ್ಬಿಗೆ ಉಬ್ಬು. ಹಿಂಗ ಸಾಲು ಹೊಂಡತೈತಿ."

ಹೊರಗೆ ಹೊತ್ತು ಇಳಿಯುತ್ತಿತ್ತು, ಗೋಡೆಯ ಪಟ್ಟೆಗಳು ಮಂಕಾಗುತ್ತಿದ್ದವು. ಅಂಗಳದಲ್ಲಿ ಆನೆಯ ಸರಪಳಿ ಸದ್ದು ಮಾಡಿತು.

"ಕೊನೆಯದು," ಎಂದಳು ಲಚ್ಚಲೆ. "ಸೀಳುಗಳನ್ನು ಇನ್ನೂ ಹತ್ತಿರ ಕೊರೆದರೆ ಪಟ್ಟೆಗಳು ಹತ್ತಿರವಾಗುತ್ತವೋ, ದೂರವಾಗುತ್ತವೋ? ಯಾಕೆ?"

ಹತ್ತಿರ ಎಂಬ ಮಾತು ದುರುಗನ ನಾಲಗೆ ತುದಿಯವರೆಗೂ ಬಂತು. ಸರಪಳಿ ಮತ್ತೆ ಸದ್ದು ಮಾಡಿತು. ಕಂಕುಳಿಂದ ಹುಟ್ಟು ಜಾರಿತು, ಬಗ್ಗಿ ಹಿಡಿದುಕೊಂಡ. ದೊಡ್ಡ ಹರಿಗೋಲು ಹಿಂದೆ ಬರುವಾಗಲೆಲ್ಲ ಸಿಂಗ ಗಂಟಲು ಹರಿದುಕೊಂಡು ಕೂಗುವುದು ಆಗ ನೆನಪಾಯಿತು: ಹತ್ತಿರ ಬಾರೋ, ಹತ್ತಿರ!

"ದೂರ!" ಎಂದು ಕಿರುಚಿದ. "ನಾವು ಹತ್ತಿರ ಆದಷ್ಟೂ ಸಾಲು ಅಗಲ ಆಗತಾವು. ಎರಡು ದಾರಿ ಹೆಚ್ಚುಕಡಿಮಿ ಒಂದೇ ಇರತಾವಲ್ಲ, ಅವುಗಳ ನಡುವ ಅರ್ಧ ಅಲೆ ಫರಕು ಬರಬೇಕಂದ್ರ ಬಾಳ ದೂರ ಸರೀಬೇಕು."

ಲಚ್ಚಲೆ ಅಲ್ಲೇ ಇದ್ದ ಇನ್ನೊಂದು ತಗಡನ್ನು ಇಟ್ಟಳು. ಅದರ ಸೀಳುಗಳು ಇನ್ನೂ ಹತ್ತಿರ. ಗೋಡೆಯ ಪಟ್ಟೆಗಳು ಅಗಲವಾಗಿ ದೂರ ದೂರ ಸರಿದವು. ಅವಳು ಕಪ್ಪು ಪಟ್ಟೆಯ ಮೇಲೆ ಬೆರಳಿಟ್ಟಳು. "ಹಾಗಾದರೆ ಕತ್ತಲ ಪಾಲಿನ ಬೆಳಕನ್ನು ಯಾರೂ ಕದ್ದಿಲ್ಲವೇ?"

"ಇಲ್ಲ ತಾಯಿ. ಪಕ್ಕದ ಪಟ್ಟೆಗೆ ಹೋಗೇತಿ. ಅದಕ್ಕೇ ಅದು ಅಷ್ಟು ಬೆಳಗತೈತಿ."

ಸುದ್ದಿ ಕೇಳಿ ಬಂದ ಕಂಚರಸ ಮೆಚ್ಚಿ ಅರ್ಧ ರಾಜ್ಯ ಎಂದ. ದುರುಗ ನೆಲಕ್ಕೆ ಬಿದ್ದು ಕೈಮುಗಿದ. "ಮೊದಲು ನಮ್ಮಣ್ಣನ್ನ ಬಿಡ್ರಿ ದೊರೆ. ಒಬ್ಬನೇ ನೀರು ಬಡಿದ್ರ ಸತ್ತ ನೀರು ಆಗಂಗಿಲ್ಲ."

ದೊರೆಗೆ ನಾಚಿಕೆಯಾಯಿತು. ಆನೆಯನ್ನು ಲಾಯಕ್ಕೆ ಕಳಿಸಿ ಸೆರೆಯಲ್ಲಿದ್ದ ಎಲ್ಲರನ್ನೂ ಬಿಡಿಸಿದ.

ಮರುದಿನ ಲಚ್ಚಲೆ ತಾನೇ ಹೊಳೆಗೆ ಬಂದಳು. ಅಣ್ಣತಮ್ಮಂದಿರ ಹರಿಗೋಲುಗಳು ಮುಂದೆ, ಮುದುಕ ಅಂಬಿಗನೊಬ್ಬನ ಹರಿಗೋಲಿನಲ್ಲಿ ಅವಳು ಹಿಂದೆ.

"ಅರ್ಧ ರಾಜ್ಯದಾಗ ನನ್ನ ಪಾಲು ಎಷ್ಟೋ?" ಎಂದ ಸಿಂಗ.

"ಸುಮ್ನೆ ಬಡಿಯೋ, ತಾಳ ತಪ್ಪತೈತಿ," ಎಂದ ದುರುಗ. ಎರಡು ಹುಟ್ಟುಗಳೂ ಒಟ್ಟಿಗೆ ಬಿದ್ದವು. ಹಿಂದೆ ನೀರಿನ ಒಂದು ಸಾಲು ಅಲ್ಲಾಡದೆ ನಿಂತಿತು. ಎಷ್ಟೋ ದಿನದಿಂದ ನಿದ್ದೆಯಿಲ್ಲದ ರಾಜಕುಮಾರಿ ಆ ಸಾಲಿನ ಮೇಲೆ ತೇಲುತ್ತ, ಹರಿಗೋಲಿನ ಅಂಚಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.