ಕರಿಕಂಬಳಿಯ ಕೆಳಗೆ

ದುಗ್ಗರಸನ ಮೂರು ಒಗಟು ಬಿಡಿಸಿದವರಿಗೆ ಬೇಹಿನ ಪಡೆಯ ಯಜಮಾನಿಕೆ, ತಪ್ಪಿದವರಿಗೆ ಕತ್ತಿ ಎಂದು ಊರೂರಲ್ಲಿ ಡಂಗುರ ಸಾರಿದರು.

ಅರಮನೆ ಚಾವಡಿಯಲ್ಲಿ ನಾಡು ಗೆಲ್ಲುವ ಆಟದ ಪಟ ಹಾಸಿ, ಮೇಲೆ ಕರಿಕಂಬಳಿ ಹೊದಿಸಿದ್ದರು. ಒಗಟಿಗೆ ಬಂದವರಿಗೆ ತಲಾ ಒಂದೇ ಕವಡೆ, ಅದು ಕೂತ ಸೀಮೆಯಷ್ಟೇ ಕಾಣುತ್ತಿತ್ತು. ಆ ಕವಡೆ ಬಿಟ್ಟುಕೊಟ್ಟರೆ ಒಂದು ಸಲ ಕಂಬಳಿ ಎತ್ತಿ ನೋಡಬಹುದಿತ್ತು. ಆದರೆ ಕೊಟ್ಟು ನೋಡುವವನು ಹೇಡಿ ಎಂದು ದೊಡ್ಡವರ ನಂಬಿಕೆ. ಮಾನ ದೊಡ್ಡದೋ ತಲೆ ದೊಡ್ಡದೋ, ಅವರೇ ಬಲ್ಲರು.

ಪಾಳೆಯಗಾರನ ಮಗ ಮೊದಲ ಒಗಟಿಗೇ ಮುಗ್ಗರಿಸಿದ. ದಳವಾಯಿ ಎರಡನೆಯದಕ್ಕೆ ತಲೆ ಕೊಟ್ಟ. ಹರಿಗೋಲು ನಡೆಸುವ ಜಟ್ಟಿಗ ಎರಡನ್ನೂ ಬಿಡಿಸಿ, ದೊಡ್ಡವರ ಸಾಲಲ್ಲಿ ನಿಂತ ಹುಮ್ಮಸ್ಸಿಗೆ ಮೂರನೆಯದಕ್ಕೆ ಬಾಯಿಗೆ ಬಂದದ್ದು ಹೇಳಿಬಿಟ್ಟ. ಅವನನ್ನು ಸೆರೆಗೆ ತಳ್ಳಿದರು, ಹೊತ್ತು ಮುಳುಗಿದರೆ ತಲೆ ಉರುಳಬೇಕು.

ಆಗ ಅವನ ತಂಗಿ ಮಾಳವ್ವ ಬಂದು, ತಾನು ಗೆದ್ದರೆ ಅಣ್ಣನನ್ನು ಬಿಡಬೇಕೆಂದು ಕೇಳಿದಳು. ತಪ್ಪಿದರೆ ಎರಡು ತಲೆ ಎಂದ ಅರಸ. ಒಪ್ಪಿದಳು. ತನ್ನ ಪಾಲಿನ ಕವಡೆಯನ್ನು ಪಟದ ಮೇಲಿಟ್ಟಳು.

"ಕಂಡಾಗ ನಿಜ, ಬೆನ್ನು ತಿರುಗಿಸಿದರೆ ಸುಳ್ಳು, ಆದರೂ ಪಟದ ಮೇಲೆ ಹಾಗೇ ಉಳಿಯುವುದು ಯಾವುದು?" ಎಂದು ಅರಸ ಕೇಳಿದ.

"ನಿನ್ನೆ ಕಂಡ ವೈರಿ, ಬುದ್ಧಿ. ನಿನ್ನೆ ಕಂಡ ಮೊಸಳೆ ಇವತ್ತೂ ಅದೇ ಮಡುವಲ್ಲಿ ಇರ್ತದಾ?"

"ಗೆದ್ದಷ್ಟೂ ಬೆಳೆದು, ಬೆಳೆದಷ್ಟೂ ನಿದ್ದೆ ಕೆಡಿಸುವುದು?"

"ಗಡಿ. ಹೊಲ ದೊಡ್ಡದಾದಷ್ಟೂ ಬೇಲಿ ಉದ್ದ, ದನ ನುಗ್ಗೋ ಕಡೆಗಳೂ ಹೆಚ್ಚು."

ಅರಸ ಪಟದ ಬಡಗಣ ಮೂಲೆಗೆ ಬೆರಳು ತೋರಿಸಿದ. "ಯಾರೂ ಆ ಸೀಮೆಗೆ ಕಾಲಿಡದಂತೆ ಮಾಡಿದ್ದೇನೆ. ಅಲ್ಲಿ ಕಂಬಳಿಯ ಕೆಳಗೆ ಏನಿಟ್ಟಿದ್ದೇನೆ?"

ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಮಾಳವ್ವನ ಬಾಯಿಗೂ ಏನೇನೋ ಬಂತು, ನುಂಗಿಕೊಂಡಳು.

"ಗೊತ್ತಿಲ್ಲ, ಬುದ್ಧಿ. ಆಳ ತಿಳೀದಿದ್ರೆ ನಾವು ಗಳ ಇಳಿಸಿ ನೋಡ್ತೀವಿ," ಎಂದು ತನ್ನ ಒಂದೇ ಕವಡೆಯನ್ನು ಎತ್ತಿ ಅವನ ಮುಂದಿಟ್ಟಳು. ಅವಳ ಸೀಮೆಯ ಮೇಲೂ ಕಂಬಳಿ ಎಳೆದರು. ಸಭೆ ಹೇಡಿ ಎಂದು ನಕ್ಕಿತು. ಅವಳು ಹೋಗಿ ಬಡಗಣ ಮೂಲೆ ಎತ್ತಿದಳು.

"ಏನೂ ಇಲ್ಲ," ಎಂದಳು. "ಬರೀ ನೆಲ."

ನಗು ನಿಂತಿತು. ನೋಡಿ ಹೇಳಿದರೆ ಒಗಟು ಬಿಡಿಸಿದಂತಾಯಿತೇ ಎಂದು ಮಂತ್ರಿ ಸಿಡುಕಿದ.

"ನನಗೆ ಬೇಕಾದದ್ದು ಬೇಹಿನವರು," ಎಂದ ಅರಸ. "ಕಾಣದ್ದನ್ನು ಕಂಡೆ ಅನ್ನುವವರು ಪಡೆಯನ್ನೇ ಮುಳುಗಿಸುತ್ತಾರೆ."

ಯಜಮಾನಿಕೆಯ ಮುದ್ರೆಯುಂಗುರ ಕೊಟ್ಟ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು ಸೆರೆಮನೆಗೆ ಓಡಿದಳು. ಬೇಡಿ ಬಿಚ್ಚಿದರೂ ಜಟ್ಟಿಗನ ಭಯ ಬಿಟ್ಟಿರಲಿಲ್ಲ.

"ಕಂಬಳಿ ಕೆಳಗೆ ಏನಿತ್ತೇ?"

"ಏನೂ ಇರ್ಲಿಲ್ಲ. ನೀ ಏನಂದಿದ್ದೆ?"

"ಆನೆ ಹಿಂಡು," ಎಂದು ಅವನು ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ.